ಊರಿಗೆ ಬಂದವಳು ನೀರಿಗೆ ಬರಬೇಡವೇ?

ಈ ತಿಂಗಳ ಅಧ್ಯಯನ ಪಾಠ
(ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಬೇಕು. ಒಂದೊಂದು ಭಾಗ ಮುಗಿದ ಮೇಲೆ ನಿಲ್ಲಿಸಿ ಮಾತಾಡಬೇಕು.)



ನಾಗರಬಾವಿ, ಮಲ್ಲತ್ತಹಳ್ಳಿ, ಪಾಪರೆಡ್ಡಿಪಾಳ್ಯ, ಮೂಡಲಪಾಳ್ಯ ಸುತ್ತಿನ ಸಂಘಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಸಿಸ್ಟರ್, ಖಾಲಿ ಸೈಟಿನಲ್ಲಿ ಶೆಡ್ ಹಾಕಿಕೊಂಡಿರೋ ಹೆಂಗಸರು ನಮ್ಮನ್ನೂ ಸಂಘಕ್ಕೆ ಸೇರಿಸಿಕೊಳ್ಳಿ ಅಂತಾರೆ. ಸೇರಿಸಬಹುದಾ? ಯಾವತ್ತು ಇರ್ತಾರೋ, ಯಾವತ್ತು ಹೋಗ್ತಾರೋ ಗೊತ್ತಿಲ್ಲ." ಕೆಲವು ಸಂಘಗಳು ಆಗಲೇ ಬೇಡ ಎಂದು ತೀರ್ಮಾನ ಮಾಡಿವೆ. ಕೆಲವು ಸಂಘಗಳು ನಮ್ಮ ಉತ್ತರಕ್ಕೆ ಕಾಯುತ್ತಿವೆ.

ಇದು ನಮ್ಮ ಬೀದಿಯ ಪ್ರಶ್ನೆ ಮಾತ್ರ ಅಲ್ಲ. ಯೂರೋಪಿನ ದೊಡ್ಡ ದೊಡ್ಡ ದೇಶಗಳು ಇದೇ ಪ್ರಶ್ನೆ ಇಟ್ಟುಕೊಂಡು ಚುನಾವಣೆ ಮಾಡುತ್ತಿವೆ, ಬೇಲಿ ಹಾಕುತ್ತಿವೆ, ಕಾನೂನು ಬದಲಾಯಿಸುತ್ತಿವೆ. ನಮ್ಮ ಕರ್ನಾಟಕವೂ ಅರವತ್ತು ವರ್ಷಗಳಿಂದ ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಒಳ್ಳೆಯ ಉತ್ತರವೂ ಇದೆ, ಕೆಟ್ಟ ಉತ್ತರವೂ ಇದೆ. ಇವೆಲ್ಲವನ್ನೂ ಸ್ವಲ್ಪ ತಿಳಿದುಕೊಂಡು ಆಮೇಲೆ ತೀರ್ಮಾನ ಮಾಡೋಣ.

"ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳ್ಯೇ" ಎಂಬ ಗಾದೆ ನಮಗೆಲ್ಲ ಗೊತ್ತು. ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತಾಳೆ ಎಂಬ ಅರ್ಥದಲ್ಲಿ ಅದನ್ನು ಹೇಳುತ್ತೇವೆ. ಈ ಪಾಠಕ್ಕೆ ಅದನ್ನು ಇನ್ನೊಂದು ರೀತಿ ನೋಡೋಣ. ಊರಿಗೆ ಬರುವುದು ಒಂದು, ನೀರಿಗೆ ಬರುವುದು ಇನ್ನೊಂದು. ಊರಿಗೆ ಬರಲು ಬಾಗಿಲು ತೆರೆದಿದ್ದರೆ ಸಾಕು. ನೀರಿಗೆ ಬರಬೇಕಾದರೆ ಊರಿನವರು ಜಾಗ ಬಿಡಬೇಕು. ಇಲ್ಲಿ ನೀರು ಎಂದರೆ ರೇಷನ್, ಶಾಲೆ, ಆಸ್ಪತ್ರೆ, ನ್ಯಾಯವಾದ ಕೂಲಿ, ಗುರುತಿನ ಕಾಗದ, ಸಂಘ ಎಲ್ಲವೂ ಹೌದು. ನಮ್ಮ ಊರಿನ ಹೆಸರಲ್ಲೇ ಬಾವಿ ಇದೆ. ಆ ಬಾವಿಗೆ ಯಾರು ಬರಬಹುದು ಎನ್ನುವುದೇ ಇವತ್ತಿನ ಪಾಠ.

1. ಮೂರು ಪದಗಳ ಅರ್ಥ

ನಿರಾಶ್ರಿತರು: ಯುದ್ಧ, ಹಿಂಸೆ ಅಥವಾ ಧರ್ಮ, ಜನಾಂಗ, ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಪ್ರಾಣಭಯದಿಂದ ತಮ್ಮ ದೇಶ ಬಿಟ್ಟು ಬಂದವರು. ಇವರನ್ನು ಅಪಾಯವಿರುವ ಜಾಗಕ್ಕೆ ವಾಪಸ್ ಅಟ್ಟಬಾರದು ಎಂದು 1951ರಲ್ಲಿ ಜಿನೀವಾದಲ್ಲಿ ಒಪ್ಪಂದವಾಯಿತು. ಭಾರತ ಅದಕ್ಕೆ ಸಹಿ ಹಾಕಿಲ್ಲ. ಆದರೂ ಲಕ್ಷಾಂತರ ನಿರಾಶ್ರಿತರಿಗೆ ಆಶ್ರಯ ಕೊಟ್ಟಿದೆ.

ವಲಸೆಗಾರರು: ಕೆಲಸ, ಓದು, ಮದುವೆ, ಬದುಕು ಹುಡುಕಿಕೊಂಡು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋದವರು. ದೇಶದ ಒಳಗೆ ಹೋಗಬಹುದು, ಹೊರಗೂ ಹೋಗಬಹುದು.

ಗುಳೆ: ಇದು ನಮ್ಮ ಉತ್ತರ ಕರ್ನಾಟಕದ ಮಾತು. ಮಳೆ ಕೈಕೊಟ್ಟಾಗ, ಸುಗ್ಗಿ ಮುಗಿದು ಊರಲ್ಲಿ ಕೂಲಿ ಇಲ್ಲದಾಗ ಮಕ್ಕಳುಮರಿ ಕಟ್ಟಿಕೊಂಡು ಕೆಲಸ ಇರುವ ಕಡೆ ಹೋಗುವುದು. ನಮ್ಮ ಸುತ್ತಿನ ಶೆಡ್‌ಗಳಲ್ಲಿ ಇರುವವರಲ್ಲಿ ಅನೇಕರು ಹೀಗೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರೇ. ಅವರು ಪರದೇಶದವರಲ್ಲ. ನಮ್ಮ ರಾಜ್ಯದವರು, ಕನ್ನಡದವರು.

ಇಲ್ಲಿ ಒಂದು ಸಣ್ಣ ಕೆಲಸ ಮಾಡಿ. ಸಭೆಯಲ್ಲಿ ಕೂತವರಲ್ಲಿ ನಾಗರಬಾವಿಯಲ್ಲೇ ಹುಟ್ಟಿದವರು ಕೈ ಎತ್ತಿ. ಎಷ್ಟು ಕೈ ಎದ್ದವು ಎಣಿಸಿ. ಉಳಿದವರು ಕುಣಿಗಲ್, ಮಾಗಡಿ, ಮಂಡ್ಯ, ಕೋಲಾರ, ತಮಿಳುನಾಡು ಎಲ್ಲಿಂದ ಬಂದೆವು, ಬಂದಾಗ ಮೊದಲು ಯಾರು ಸಹಾಯ ಮಾಡಿದರು ಎಂದು ಒಂದೊಂದು ಮಾತು ಹೇಳಿ.

2. ಬೈಲುಕುಪ್ಪೆ: ಜಮೀನು ಕೊಟ್ಟ ಉತ್ತರ

1959ರಲ್ಲಿ ದಲೈ ಲಾಮಾ ಅವರು ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿ ಬಂದರು. ಚಳಿ ದೇಶದ ಜನ. ಮೊದಮೊದಲು ಬೆಟ್ಟದ ರಸ್ತೆ ಮಾಡುವ ಕೆಲಸದಲ್ಲಿ ಕಲ್ಲು ಒಡೆದರು. ಅನೇಕರು ಕಾಯಿಲೆಯಿಂದ ಸತ್ತರು. ಅವರನ್ನು ನೆಲೆ ನಿಲ್ಲಿಸಲು ಜಾಗ ಕೊಡಿ ಎಂದು ಕೇಂದ್ರ ಸರ್ಕಾರ ರಾಜ್ಯಗಳನ್ನು ಕೇಳಿದಾಗ ಆಗಿನ ಮೈಸೂರು ರಾಜ್ಯ ಮುಂದೆ ಬಂತು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ ಹತ್ತಿರ ಸುಮಾರು 3,000 ಎಕರೆ ಕಾಡುಭೂಮಿಯನ್ನು ಗುತ್ತಿಗೆಗೆ ಕೊಟ್ಟಿತು. 1960ರ ಡಿಸೆಂಬರ್‌ನಲ್ಲಿ ಮೊದಲ ತಂಡ ಬಂತು. ಕಾಡು ಕಡಿದು, ಆನೆ ಕಾಟ ತಡೆದು, ನಮ್ಮ ಬಿಸಿಲಿಗೆ ಒಗ್ಗಿಕೊಂಡು ಅವರು ಮುಸುಕಿನ ಜೋಳ ಬೆಳೆದರು. ಸಹಕಾರ ಸಂಘ ಕಟ್ಟಿದರು. ಟಿಬೆಟಿನ ಮಕ್ಕಳಿಗಾಗಿಯೇ ಕೇಂದ್ರ ಸರ್ಕಾರ 1961ರಲ್ಲಿ ಶಾಲೆಗಳ ಸಂಸ್ಥೆಯೊಂದನ್ನು ಆರಂಭಿಸಿತು. ಮುಂದೆ 1966ರಲ್ಲಿ ಮುಂಡಗೋಡಿನಲ್ಲಿ ಸುಮಾರು 4,000 ಎಕರೆ, ಆಮೇಲೆ ಹುಣಸೂರು ಮತ್ತು ಕೊಳ್ಳೇಗಾಲ ಕಡೆಯಲ್ಲೂ ನೆಲೆ ಸಿಕ್ಕಿತು. ಚಳಿಗಾಲದಲ್ಲಿ ಮೆಜೆಸ್ಟಿಕ್ ಕಡೆ ಸ್ವೆಟರ್ ಮಾರುವ ಟಿಬೆಟಿನ ಹೆಂಗಸರನ್ನು ನಾವೆಲ್ಲ ನೋಡಿದ್ದೇವೆ, ಚೌಕಾಸಿ ಮಾಡಿ ಕೊಂಡಿದ್ದೇವೆ. ಬೈಲುಕುಪ್ಪೆಯ ಚಿನ್ನದ ದೇವಸ್ಥಾನ ನೋಡಲು ಬರುವ ಜನರಿಂದ ಕುಶಾಲನಗರದ ಆಟೋದವರಿಗೂ ಹೋಟೆಲಿನವರಿಗೂ ವ್ಯಾಪಾರ ಆಗುತ್ತದೆ.

ಇದು ಯಾಕೆ ನಡೆಯಿತು? ಬರೀ ಕನಿಕರದಿಂದ ಅಲ್ಲ. ಜಮೀನು, ಶಾಲೆ, ಸಹಕಾರ ಸಂಘ, ನೋಂದಣಿ ಪತ್ರ ಈ ನಾಲ್ಕೂ ಒಟ್ಟಿಗೆ ಸಿಕ್ಕಿದವು. ಜೊತೆಗೆ ಅವರ ಭಾಷೆ, ಪ್ರಾರ್ಥನೆ, ಉಡುಪು ಬಿಡಿ ಎಂದು ಯಾರೂ ಹೇಳಲಿಲ್ಲ.

ಆದರೆ ಕೊರತೆಯೂ ಇದೆ. ಅವರಲ್ಲಿ ಅನೇಕರು ಇವತ್ತಿಗೂ ಪೌರರಲ್ಲ. ಜಮೀನು ಗುತ್ತಿಗೆಯದು, ಸ್ವಂತದ್ದಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎನ್ನುವುದು ಟಿಬೆಟಿನವರಿಗೂ ಅನ್ವಯಿಸುತ್ತದೆ ಎಂದು ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಬೇಕಾಯಿತು.

3. ಸಿಂಧನೂರು: ಕಾಗದ ಇಲ್ಲದ ಕಷ್ಟ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳಿವೆ. ಈಗಿನ ಬಾಂಗ್ಲಾದೇಶ ಆಗಿನ ಪೂರ್ವ ಪಾಕಿಸ್ತಾನವಾಗಿದ್ದಾಗ ಅಲ್ಲಿಂದ ಓಡಿಬಂದ ಬಂಗಾಳಿ ಕುಟುಂಬಗಳನ್ನು, ಬರ್ಮಾದಿಂದ ಬಂದ ಕೆಲವು ಕುಟುಂಬಗಳನ್ನು ಸರ್ಕಾರ ಅಲ್ಲಿ ನೆಲೆಗೊಳಿಸಿತು. ಬೇಸಾಯಕ್ಕೆ ಜಮೀನು ಕೊಟ್ಟಿತು. ಅವರು ತುಂಗಭದ್ರಾ ಕಾಲುವೆ ನೀರಿನಲ್ಲಿ ಭತ್ತ ಬೆಳೆದರು. ಮಕ್ಕಳು ಕನ್ನಡ ಕಲಿತರು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ.

ಜಮೀನು ಸಿಕ್ಕಿತು, ಆದರೆ ಅನೇಕರಿಗೆ ಪೌರತ್ವದ ಕಾಗದ, ಜಾತಿ ಪ್ರಮಾಣಪತ್ರ ಸಿಗಲಿಲ್ಲ. ಓದಿದ ಮಕ್ಕಳು ಅರ್ಜಿ ಹಾಕುವಾಗ ದಾಖಲೆ ಇಲ್ಲದೆ ಹಿಂದೆ ಉಳಿದರು. ದಶಕಗಳ ಕಾಲ ಅರ್ಜಿ ಹಿಡಿದು ಓಡಾಡಿದರು. 2019ರ ಪೌರತ್ವ ತಿದ್ದುಪಡಿ ಕಾನೂನಿಗೆ 2024ರಲ್ಲಿ ನಿಯಮಗಳು ಬಂದ ಮೇಲೆ ಅಲ್ಲಿನ ಕೆಲವರಿಗೆ ಪೌರತ್ವ ಸಿಕ್ಕಿತು. ಬಂದು ಐವತ್ತು ವರ್ಷ ಆದ ಮೇಲೆ! ಅಷ್ಟರಲ್ಲಿ ಒಂದು ತಲೆಮಾರು ಮುದಿಯಾಗಿತ್ತು. ಅನ್ನ ಕೊಟ್ಟು ಗುರುತು ಕೊಡದಿದ್ದರೆ ಮನುಷ್ಯರು ಎಷ್ಟು ದಿನವಾದರೂ ಹೊರಗಿನವರಾಗಿಯೇ ಉಳಿಯುತ್ತಾರೆ ಎನ್ನುವುದನ್ನು ಸಿಂಧನೂರಿನಿಂದ ಕಲಿಯಬೇಕು.

4. ಯೂರೋಪಿನ ಬಾಗಿಲುಗಳು

ಈಗ ಸ್ವಲ್ಪ ದೂರ ಹೋಗೋಣ. 2015ರಲ್ಲಿ ಸಿರಿಯಾ, ಅಫ್ಘಾನಿಸ್ತಾನ, ಇರಾಕ್ ದೇಶಗಳ ಯುದ್ಧದಿಂದ ತಪ್ಪಿಸಿಕೊಂಡು 10 ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಯೂರೋಪಿಗೆ ಬಂದರು. ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ ಬಂದರು. ಆ ಒಂದೇ ವರ್ಷ 3,700ಕ್ಕೂ ಹೆಚ್ಚು ಜನ ದಾರಿಯಲ್ಲಿ ಮುಳುಗಿ ಸತ್ತರು ಅಥವಾ ಕಾಣೆಯಾದರು.

ಯೂರೋಪಿನ ದೇಶಗಳು ಒಂದೇ ರೀತಿ ನಡೆದುಕೊಳ್ಳಲಿಲ್ಲ.

• ಜರ್ಮನಿ ಬಾಗಿಲು ತೆರೆಯಿತು. ಇದು ನಮ್ಮ ಕೈಲಾಗುತ್ತದೆ ಎಂದು ಅಲ್ಲಿನ ಚಾನ್ಸಲರ್ ಆಂಗೆಲಾ ಮರ್ಕೆಲ್ ಜನರಿಗೆ ಧೈರ್ಯ ಹೇಳಿದರು. 2015 ಮತ್ತು 2016 ಎರಡು ವರ್ಷದಲ್ಲಿ ಅಲ್ಲಿ ಆಶ್ರಯ ಕೋರಿ ಸುಮಾರು 11 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು.

• ಹಂಗೇರಿ ಸರ್ಬಿಯಾ ಗಡಿಯಲ್ಲಿ ಸುಮಾರು 175 ಕಿಲೋಮೀಟರ್ ಬೇಲಿ ಹಾಕಿತು.

• ಸ್ವೀಡನ್ ಸುಮಾರು ಒಂದು ಕೋಟಿ ಜನರಿರುವ ದೇಶ. 2015ರಲ್ಲಿ ಅಲ್ಲಿ 1,62,000ಕ್ಕೂ ಹೆಚ್ಚು ಜನ ಆಶ್ರಯ ಕೇಳಿದರು. ಮೊದಲು ಸ್ವಾಗತಿಸಿತು. ಮನೆ, ಶಾಲೆ ಸಾಲದೆ ಅದೇ ವರ್ಷದ ಕೊನೆಗೆ ಗಡಿ ತಪಾಸಣೆ ಆರಂಭಿಸಿತು. ಮರುವರ್ಷ ಕಾನೂನು ಬಿಗಿ ಮಾಡಿತು.

• ಡೆನ್ಮಾರ್ಕ್ 2016ರಲ್ಲಿ ಒಂದು ಕಾನೂನು ಮಾಡಿತು. ನಿರಾಶ್ರಿತರ ಹತ್ತಿರ ಒಂದು ಮಿತಿಗಿಂತ ಹೆಚ್ಚು ಹಣ, ಬೆಲೆಬಾಳುವ ವಸ್ತು ಇದ್ದರೆ ಅವರ ಖರ್ಚಿಗಾಗಿ ಅದನ್ನು ತೆಗೆದುಕೊಳ್ಳಬಹುದು ಎಂದಿತು. ಎಲ್ಲ ಕಡೆಯಿಂದ ಟೀಕೆ ಬಂತು.

• 2016ರ ಮಾರ್ಚ್‌ನಲ್ಲಿ ಯೂರೋಪ್ ಒಕ್ಕೂಟವು ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಟರ್ಕಿ ಜನರನ್ನು ತಡೆಯಬೇಕು, ಅಲ್ಲಿರುವ ನಿರಾಶ್ರಿತರ ಖರ್ಚಿಗೆ ಯೂರೋಪ್ ಹಣ ಕೊಡುತ್ತದೆ.

ಇನ್ನು ಪೋಲೆಂಡಿನ ಕತೆ ಕೇಳಿ. 2021ರಲ್ಲಿ ಬೆಲಾರೂಸ್ ಗಡಿಯ ಕಾಡಿನಲ್ಲಿ ಇರಾಕ್, ಸಿರಿಯಾ, ಅಫ್ಘಾನಿಸ್ತಾನದ ಜನ ಚಳಿಯಲ್ಲಿ ಸಿಕ್ಕಿಹಾಕಿಕೊಂಡರು. ಪೋಲೆಂಡ್ ಅವರನ್ನು ಹಿಂದಕ್ಕೆ ತಳ್ಳಿತು, 186 ಕಿಲೋಮೀಟರ್ ಉಕ್ಕಿನ ಗೋಡೆ ಕಟ್ಟಿತು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಅದೇ ಪೋಲೆಂಡಿನ ಜನ ರೈಲು ನಿಲ್ದಾಣಕ್ಕೆ ಹೋಗಿ ಉಕ್ರೇನಿನ ತಾಯಂದಿರನ್ನು, ಮಕ್ಕಳನ್ನು ತಮ್ಮ ಮನೆಗೇ ಕರೆದುಕೊಂಡು ಬಂದರು. ಒಂದೇ ದೇಶ, ಎರಡು ಬಾಗಿಲು. ಒಂದು ಬಾಗಿಲು ನೆರೆಯವರಿಗೆ, ನಮ್ಮಂತೆ ಇರುವವರಿಗೆ. ಇನ್ನೊಂದು ದೂರದವರಿಗೆ, ಬೇರೆ ಬಣ್ಣ ಬೇರೆ ಧರ್ಮದವರಿಗೆ.

ಇದನ್ನು ಕೇಳಿ ಯೂರೋಪಿನವರನ್ನು ಬೈಯುವುದು ಸುಲಭ. ಸ್ವಲ್ಪ ತಡೆಯಿರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ಪೋಲೆಂಡಿನ ಹೆಂಗಸರು ಮಕ್ಕಳು ನಿರಾಶ್ರಿತರಾಗಿ ಭಾರತಕ್ಕೆ ಬಂದಿದ್ದರು. ನಮ್ಮ ಬೆಳಗಾವಿಗೆ ಹತ್ತಿರವಿರುವ ಕೊಲ್ಹಾಪುರದ ವಳಿವಡೆ ಎಂಬಲ್ಲಿ ಸುಮಾರು 5,000 ಜನರ ಕ್ಯಾಂಪ್ ಇತ್ತು. ಅವರಿಗೆ ಅಲ್ಲಿ ಶಾಲೆ ಇತ್ತು, ಚರ್ಚ್ ಇತ್ತು. ಇವತ್ತು ಗೋಡೆ ಕಟ್ಟುವವರ ಅಜ್ಜಿಯರು ನಿನ್ನೆ ಬಾಗಿಲು ತಟ್ಟಿದವರು. ಈ ಚಕ್ರ ಯಾರ ಕಡೆ ಯಾವಾಗ ತಿರುಗುತ್ತದೋ ಹೇಳಲಾಗದು.

ಯೂರೋಪ್ ಚೆನ್ನಾಗಿ ಮಾಡಿದ ಒಂದು ಕೆಲಸ ನಾವು ಗಮನಿಸಬೇಕು. ಉಕ್ರೇನಿನವರಿಗಾಗಿ 2022ರ ಮಾರ್ಚ್ 4ರಂದು, ಅಂದರೆ ಯುದ್ಧ ಶುರುವಾಗಿ ಸುಮಾರು ಒಂದು ವಾರದಲ್ಲೇ, 2001ರಿಂದ ಬಳಸದೆ ಇಟ್ಟಿದ್ದ ಒಂದು ಕಾನೂನನ್ನು ಜಾರಿ ಮಾಡಿದರು. ಒಬ್ಬೊಬ್ಬರನ್ನೂ ವರ್ಷಗಟ್ಟಲೆ ವಿಚಾರಣೆ ಮಾಡುತ್ತಾ ಕೂರಲಿಲ್ಲ. ಬಂದ ಕೂಡಲೇ ಇರಲು ಪರವಾನಗಿ, ಕೆಲಸ ಮಾಡುವ ಹಕ್ಕು, ಮಕ್ಕಳಿಗೆ ಶಾಲೆ, ವೈದ್ಯಕೀಯ ಸಹಾಯ ಕೊಟ್ಟರು. 40 ಲಕ್ಷಕ್ಕೂ ಹೆಚ್ಚು ಜನ ಇದರ ಆಶ್ರಯ ಪಡೆದರು. ಮನಸ್ಸು ಮಾಡಿದರೆ ಆಗುತ್ತದೆ ಎಂದು ಇದರಿಂದ ಗೊತ್ತಾಯಿತು. 2024ರಲ್ಲಿ ಯೂರೋಪ್ ಒಕ್ಕೂಟ ಹೊಸ ವಲಸೆ ಒಪ್ಪಂದವನ್ನೂ ಅಂಗೀಕರಿಸಿತು. ಗಡಿಯಲ್ಲೇ ಬೇಗ ಪರಿಶೀಲನೆ ಮಾಡುವುದು, ಜವಾಬ್ದಾರಿಯನ್ನು ಎಲ್ಲ ದೇಶಗಳೂ ಹಂಚಿಕೊಳ್ಳುವುದು ಅದರ ಮುಖ್ಯ ಅಂಶಗಳು. ಜನರನ್ನು ತೆಗೆದುಕೊಳ್ಳದ ದೇಶ ಹಣ ಅಥವಾ ಬೇರೆ ಸಹಾಯ ಕೊಡಬೇಕು.

ಜರ್ಮನಿಯಿಂದ ಬಂದ ಒಂದು ಲೆಕ್ಕ ಹೆಂಗಸರಾದ ನಮಗೆ ಬಹಳ ಮುಖ್ಯ. 2015ರಲ್ಲಿ ಬಂದ ನಿರಾಶ್ರಿತರಲ್ಲಿ ಒಂಬತ್ತು ವರ್ಷದ ನಂತರ ಸುಮಾರು 100ಕ್ಕೆ 64 ಜನ ಕೆಲಸದಲ್ಲಿದ್ದರು. ಇದು ಒಳ್ಳೆಯ ಸಾಧನೆಯೇ. ಆದರೆ ಒಡೆದು ನೋಡಿದರೆ ಗಂಡಸರಲ್ಲಿ 100ಕ್ಕೆ ಸುಮಾರು 76, ಹೆಂಗಸರಲ್ಲಿ ಸುಮಾರು 35 ಮಾತ್ರ. ಅದೇ ದೋಣಿ, ಅದೇ ದೇಶ, ಅದೇ ಕಾನೂನು. ಮಕ್ಕಳನ್ನು ನೋಡಿಕೊಳ್ಳುವವರಿಲ್ಲದೆ ಎಷ್ಟೋ ಹೆಂಗಸರಿಗೆ ಭಾಷೆಯ ತರಗತಿಗೂ ಹೋಗಲು ಆಗಲಿಲ್ಲ, ಕೆಲಸಕ್ಕೂ ಹೋಗಲು ಆಗಲಿಲ್ಲ. ಊರಿಗೆ ಬಂದವರಲ್ಲೂ ಹೆಂಗಸೇ ಕೊನೆಯಲ್ಲಿ ನೀರಿಗೆ ಬರುತ್ತಾಳೆ.

5. ನಮ್ಮ ಬೆಂಗಳೂರಿನ ಬಾಗಿಲು

ನಮ್ಮ ಬೆಂಗಳೂರು ಏನು ಮಾಡಿದೆ? ಮೂರು ಘಟನೆ ನೆನಪಿಸಿಕೊಳ್ಳೋಣ.

2012ರ ಆಗಸ್ಟ್: ಈಶಾನ್ಯ ರಾಜ್ಯಗಳ ಜನರ ಮೇಲೆ ಹಲ್ಲೆ ಆಗುತ್ತದೆ ಎಂಬ ಗಾಳಿಸುದ್ದಿ ಮೊಬೈಲ್ ಮೆಸೇಜ್‌ಗಳಲ್ಲಿ ಹರಡಿತು. ಮೂರು ನಾಲ್ಕು ದಿನಗಳಲ್ಲಿ ಸಾವಿರಾರು ಜನ ಹೋಟೆಲ್, ಬ್ಯೂಟಿ ಪಾರ್ಲರ್, ಕಾವಲುಗಾರ ಕೆಲಸ ಬಿಟ್ಟು ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಕೇಂದ್ರ ಸರ್ಕಾರ ಹದಿನೈದು ದಿನ ದೊಡ್ಡ ಸಂಖ್ಯೆಯ ಮೆಸೇಜ್‌ಗಳನ್ನು ನಿಲ್ಲಿಸಿತು. ಸುಳ್ಳು ಸುದ್ದಿಗೆ ಅಷ್ಟು ಜನ ಓಡಿದ್ದು ಯಾಕೆ? ಏನಾದರೂ ಆದರೆ ಬಂದು ನಿಲ್ಲುವ ಅಕ್ಕಪಕ್ಕದವರು ಇದ್ದಾರೆ ಎಂಬ ನಂಬಿಕೆ ಅವರಿಗೆ ಇರಲಿಲ್ಲ.

2020ರ ಜನವರಿ: ಬೆಳ್ಳಂದೂರು ಕಡೆಯ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮವಾಗಿ ಬಂದ ಬಾಂಗ್ಲಾದೇಶದವರು ಇದ್ದಾರೆ ಎಂಬ ಮಾತಿನ ಮೇಲೆ ಶೆಡ್‌ಗಳನ್ನು ಕೆಡವಲಾಯಿತು. ಅಲ್ಲಿ ಇದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದವು, ಅಸ್ಸಾಂ, ತ್ರಿಪುರಾದ ಭಾರತೀಯರೂ ಇದ್ದರು. ಆಧಾರ್ ಕಾರ್ಡ್, ಮತದಾರರ ಚೀಟಿ ಕೈಯಲ್ಲಿ ಹಿಡಿದು ತೋರಿಸಿದರು. ವಿಷಯ ಹೈಕೋರ್ಟಿಗೆ ಹೋಗಿ ಕೋರ್ಟು ಸರ್ಕಾರವನ್ನು ಪ್ರಶ್ನಿಸಿತು. ಶೆಡ್ ಎಂದರೆ ಸಾಕು, ಹೊರಗಿನವರು ಎಂದುಕೊಂಡುಬಿಡುತ್ತೇವೆ.

2020ರ ಮೇ: ಲಾಕ್‌ಡೌನ್ ಆಗಿ ಕೆಲಸ ನಿಂತಿತ್ತು. ಬೇರೆ ರಾಜ್ಯದ ಕಾರ್ಮಿಕರು ಊರಿಗೆ ಹೋಗಬೇಕೆಂದು ಪೊಲೀಸ್ ಠಾಣೆಗಳ ಮುಂದೆ ನಿಂತಿದ್ದರು. ಮೇ 5ರಂದು ಕಟ್ಟಡ ಉದ್ಯಮದವರ ಸಭೆ ಆದ ಮೇಲೆ ಅವರ ರೈಲುಗಳನ್ನು ರದ್ದು ಮಾಡಿ ಎಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಕೆಲಸಕ್ಕೆ ಆಳು ಬೇಕಲ್ಲ! ದೇಶದಾದ್ಯಂತ ಟೀಕೆ ಬಂದು ಎರಡು ಮೂರು ದಿನದಲ್ಲಿ ತೀರ್ಮಾನ ವಾಪಸ್ ಆಯಿತು, ರೈಲು ಹೊರಟವು. ಜನವರಿಯಲ್ಲಿ ಹೋಗಿ ಎಂದೆವು, ಮೇ ತಿಂಗಳಲ್ಲಿ ಹೋಗಬೇಡಿ ಎಂದೆವು. ಎರಡು ಸಲವೂ ಅವರನ್ನು ಏನು ಬೇಕು ಎಂದು ಕೇಳಲಿಲ್ಲ.

ಜೊತೆಗೆ ಒಳ್ಳೆಯದನ್ನೂ ಹೇಳಬೇಕು. ಅದೇ ಲಾಕ್‌ಡೌನಿನಲ್ಲಿ ಅಕ್ಕಿ ಬೇಳೆ ಕಿಟ್ ಹಂಚಲು, ಅಡುಗೆ ಮಾಡಿ ಕೊಡಲು ನಗರದ ಎಷ್ಟೋ ಮಹಿಳಾ ಸಂಘಗಳು ಮುಂದೆ ಬಂದವು. ಆಗ ಯಾರೂ ನೀನು ಯಾವ ಜಿಲ್ಲೆ ಎಂದು ಕೇಳಿ ಅನ್ನ ಬಡಿಸಲಿಲ್ಲ.

6. ನಮ್ಮ ಮೂರು ಭಯಗಳು

ಭಯ ಇರುವುದು ತಪ್ಪಲ್ಲ. ಜರ್ಮನಿಯವರಿಗೂ ಇದೆ, ನಮಗೂ ಇದೆ. ಭಯವನ್ನು ಮುಚ್ಚಿಡದೆ ಮಾತಾಡೋಣ.

"ನಮ್ಮ ಕೆಲಸ ಕಿತ್ಕೋತಾರೆ, ಕಡಿಮೆ ಕೂಲಿಗೆ ಒಪ್ಕೋತಾರೆ." ಕಡಿಮೆ ಕೂಲಿಗೆ ಒಪ್ಪುವುದು ನಿಜವೇ. ಯಾಕೆ? ಕೇಳಲು ಅವಳ ಹಿಂದೆ ಯಾರೂ ಇಲ್ಲ. ನಾಳೆಯಿಂದ ಬರಬೇಡ ಎಂದರೆ ಹೋಗಲು ಜಾಗವಿಲ್ಲ. ಅವಳನ್ನು ದೂರ ಇಟ್ಟಷ್ಟೂ ಅವಳ ಕೂಲಿ ಇಳಿಯುತ್ತದೆ, ಅದರ ಜೊತೆ ನಮ್ಮದೂ ಇಳಿಯುತ್ತದೆ. ಅವಳೂ ಸಂಘದಲ್ಲಿದ್ದರೆ ಮನೆಗೆಲಸಕ್ಕೆ ಇಷ್ಟು, ಗಾರೆ ಕೆಲಸಕ್ಕೆ ಇಷ್ಟು ಎಂದು ಇಬ್ಬರೂ ಸೇರಿ ಕೇಳಬಹುದು.

"ರೇಷನ್, ನೀರು ನಮಗೇ ಸಾಲದು." ರೇಷನ್ ಕಾರ್ಡಿನ ಅಕ್ಕಿ ಅವರವರ ಕಾರ್ಡಿನ ಪಾಲಿನದು. ಅವಳು ತೆಗೆದುಕೊಂಡರೆ ನಮ್ಮ ಕಾರ್ಡಿನ ಪಾಲು ಕಡಿಮೆಯಾಗುವುದಿಲ್ಲ. ನೀರಿನ ಕಷ್ಟ ನಿಜ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಬೆಂಗಳೂರೆಲ್ಲ ಪರದಾಡಿತು. ಆದರೆ ಶೆಡ್ಡಿನ ಮನೆ ಕೊಡದ ಲೆಕ್ಕದಲ್ಲಿ ನೀರು ಬಳಸುತ್ತದೆ, ಸಂಪಿನ ಲೆಕ್ಕದಲ್ಲಿ ಅಲ್ಲ. ಕಾರು ತೊಳೆಯುವ ಪೈಪಿಗೆ ಹೇಳದ ಮಾತನ್ನು ಅವಳ ಬಿಂದಿಗೆಗೆ ಹೇಳುವುದು ಸರಿಯಲ್ಲ.

"ಸಾಲ ತಗೊಂಡು ಓಡಿ ಹೋಗ್ತಾರೆ." ಇದು ಸಂಘಕ್ಕೆ ಸಂಬಂಧಪಟ್ಟ ನಿಜವಾದ ಪ್ರಶ್ನೆ. ಇದಕ್ಕೆ ನಿಯಮದಿಂದ ಉತ್ತರ ಕೊಡಬೇಕು, ಬಾಗಿಲು ಹಾಕಿ ಅಲ್ಲ. ಕೆಳಗೆ ಹೇಳಿದ್ದೇವೆ.

7. ನಾವು ಮಾಡಬಹುದಾದ ಐದು ಕೆಲಸ

ಒಂದು, ರೇಷನ್: ಕರ್ನಾಟಕ 2020ರ ಜನವರಿಯಿಂದ 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆಯಲ್ಲಿದೆ. ಎಲ್ಲ ರಾಜ್ಯಗಳೂ ಇದನ್ನು ಜಾರಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ ಆದೇಶಿಸಿತು. ಊರಿನ ಕಾರ್ಡಿಗೆ ಆಧಾರ್ ಜೋಡಣೆ ಆಗಿದ್ದರೆ ಬೆರಳಚ್ಚು ಕೊಟ್ಟು ಇಲ್ಲೂ ಅಕ್ಕಿ ಪಡೆಯಬಹುದು. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಅಂಗಡಿಯವರು ಆಗೋದಿಲ್ಲ ಅಂದರೆ ಸುಮ್ಮನೆ ಹಿಂದಿರುಗುತ್ತಾರೆ. ಮೊದಲ ಸಲ ನಮ್ಮಲ್ಲಿ ಒಬ್ಬರು ಜೊತೆಗೆ ಹೋಗೋಣ.

ಎರಡು, ಶಾಲೆ: 2009ರ ಶಿಕ್ಷಣ ಹಕ್ಕು ಕಾನೂನಿನ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಹುಟ್ಟಿದ ದಾಖಲೆ ಇಲ್ಲ, ಟಿ.ಸಿ. ಬಂದಿಲ್ಲ ಎಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ತಮ್ಮನನ್ನು ನೋಡಿಕೊಳ್ಳಲು ಶೆಡ್ಡಿನಲ್ಲಿ ಉಳಿದ ಅಕ್ಕಂದಿರನ್ನು ಮೊದಲು ಹುಡುಕಿ. ತಮ್ಮ ಅಂಗನವಾಡಿಗೆ ಹೋದರೆ ಅಕ್ಕ ಶಾಲೆಗೆ ಹೋಗುತ್ತಾಳೆ. ಎರಡೂ ಒಟ್ಟಿಗೆ ಮಾಡಬೇಕು.

ಮೂರು, ತಾಯಿ ಮಗು: ಗರ್ಭಿಣಿ ಇದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ತಾಯಿ ಕಾರ್ಡ್ ಇದೆಯೇ ನೋಡಿ. ಊರಲ್ಲಿ ಮಾಡಿಸಿದ ಕಾರ್ಡನ್ನು ಜೋಪಾನ ಮಾಡಲು ಹೇಳಿ. ಮಗುವಿನ ಲಸಿಕೆ ಊರು ಬದಲಾಯಿತೆಂದು ತಪ್ಪಬಾರದು.

ನಾಲ್ಕು, ಕಾರ್ಮಿಕ ಕಾರ್ಡ್: 1996ರ ಕಾನೂನಿನಿಂದ ಹುಟ್ಟಿದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನಮ್ಮ ರಾಜ್ಯದಲ್ಲಿದೆ. 18ರಿಂದ 60 ವಯಸ್ಸಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಾಯಿಸಬಹುದು. ಅನೇಕ ಕಡೆ ಗಂಡನ ಹೆಸರಲ್ಲಿ ಮಾತ್ರ ಕಾರ್ಡ್ ಇರುತ್ತದೆ. ಕಲ್ಲು, ಮರಳು, ಇಟ್ಟಿಗೆ ಹೊರುವ ಹೆಂಡತಿಯೂ ಕಟ್ಟಡ ಕಾರ್ಮಿಕಳೇ. ಅವಳ ಹೆಸರಲ್ಲೂ ಮಾಡಿಸಬೇಕು. ಬೇರೆ ಅಸಂಘಟಿತ ಕೆಲಸದವರು 2021ರಲ್ಲಿ ಆರಂಭವಾದ ಇ-ಶ್ರಮ್‌ನಲ್ಲಿ ಹೆಸರು ದಾಖಲಿಸಬಹುದು.

ಐದು, ಉಳಿತಾಯ: ನಮ್ಮ ಸಲಹೆ ಇದು. ಶೆಡ್ಡಿನ 10ರಿಂದ 15 ಹೆಂಗಸರ ಒಂದು ಹೊಸ ಸಂಘ ಮಾಡಿ, ಹಳೆಯ ಸಂಘ ಅದಕ್ಕೆ ತಾಯಿ ಸಂಘವಾಗಿ ನಿಲ್ಲಲಿ. ವಾರಕ್ಕೆ ಅವರ ಕೈಲಾದಷ್ಟೇ ಉಳಿತಾಯ. ಮೊದಲ ಆರು ತಿಂಗಳು ಅವರವರ ಉಳಿತಾಯದ ಮಿತಿಯೊಳಗೆ ಮಾತ್ರ ಸಾಲ. ಊರಿಗೆ ಹೋಗುವವರು ಒಂದು ವಾರ ಮುಂಚೆ ಹೇಳಿದರೆ ಲೆಕ್ಕ ಮಾಡಿ ಅವರ ಹಣ ಕೈಗೆ ಕೊಡುವುದು. ಪಾಸ್ ಪುಸ್ತಕ ಅವರ ಹತ್ತಿರವೇ ಇರಬೇಕು. ಸಂಘದ ಉಳಿತಾಯ ಖಾತೆ ತೆರೆಯುವಾಗ ಬ್ಯಾಂಕಿಗೆ ಪದಾಧಿಕಾರಿಗಳ ದಾಖಲೆ ಸಾಕು, ಎಲ್ಲ ಸದಸ್ಯರದ್ದೂ ಬೇಕಿಲ್ಲ. ಬ್ಯಾಂಕ್ ಸಾಲ ತೆಗೆದುಕೊಳ್ಳುವ ಸಮಯದಲ್ಲಿ ಎಲ್ಲರದ್ದೂ ಕೇಳುತ್ತಾರೆ. ಹೀಗೆ ಮಾಡಿದರೆ ನಮ್ಮ ಸಂಘದ ದುಡ್ಡಿಗೆ ಅಪಾಯವಿಲ್ಲ. ಅವರ ಕೂಲಿ ದುಡ್ಡು ಮೇಸ್ತ್ರಿಯ ಕೈಯಲ್ಲೋ, ದಿಂಬಿನ ಕೆಳಗೋ, ಸಾರಾಯಿ ಅಂಗಡಿಯಲ್ಲೋ ಕರಗುವುದೂ ತಪ್ಪುತ್ತದೆ.

8. ನಂಬಿಕೆಯ ಮಾತು

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೇವೆ. ಎಲ್ಲ ಮನೆಗಳಲ್ಲೂ ಬಂದ ಅತಿಥಿಗೆ ನೀರು ಕೊಡುವ ಪದ್ಧತಿ ಇದೆ. ಕ್ರೈಸ್ತರಾದ ನಮಗೆ ಯೇಸುಸ್ವಾಮಿಯೇ ಹಸುಗೂಸಾಗಿದ್ದಾಗ ನಿರಾಶ್ರಿತರಾಗಿದ್ದರು ಎಂಬ ನೆನಪಿದೆ. ಹೆರೋದ ರಾಜನ ಭಯಕ್ಕೆ ಮಾತೆ ಮರಿಯಮ್ಮ, ಸಂತ ಜೋಸೆಫರು ರಾತ್ರೋರಾತ್ರಿ ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಹೋದರು. ಅಲ್ಲಿ ಯಾರೋ ಒಬ್ಬ ತಾಯಿ ಅವರಿಗೆ ಜಾಗ ತೋರಿಸಿರಬೇಕು.

ಜಗದ್ಗುರು ಫ್ರಾನ್ಸಿಸ್ ಅವರು 2013ರಲ್ಲಿ ಆಯ್ಕೆಯಾದ ಕೆಲವೇ ತಿಂಗಳಲ್ಲಿ, ಜುಲೈ 8ರಂದು, ವಲಸಿಗರ ದೋಣಿಗಳು ಬಂದು ಸೇರುವ ಇಟಲಿಯ ಲ್ಯಾಂಪೆಡೂಸಾ ದ್ವೀಪಕ್ಕೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸಿದರು. 2016ರ ಏಪ್ರಿಲ್‌ನಲ್ಲಿ ಗ್ರೀಸಿನ ಲೆಸ್ಬೋಸ್ ದ್ವೀಪದಿಂದ ವಾಪಸ್ ಬರುವಾಗ ಸಿರಿಯಾದ ಮೂರು ಮುಸ್ಲಿಂ ಕುಟುಂಬಗಳ 12 ಜನರನ್ನು ತಮ್ಮ ವಿಮಾನದಲ್ಲೇ ರೋಮಿಗೆ ಕರೆತಂದರು. 2025ರ ಏಪ್ರಿಲ್ 21ರಂದು ತೀರಿಕೊಳ್ಳುವವರೆಗೂ ಈ ವಿಷಯವನ್ನು ಅವರು ಬಿಡಲಿಲ್ಲ. ವಲಸಿಗರ ವಿಷಯದಲ್ಲಿ ನಾಲ್ಕು ಕೆಲಸ ಮಾಡಬೇಕು ಎಂದು ಅವರು ಕಲಿಸಿದರು: ಬರಮಾಡಿಕೊಳ್ಳುವುದು, ಕಾಪಾಡುವುದು, ಬೆಳೆಯಲು ಬಿಡುವುದು, ಬೆರೆಸಿಕೊಳ್ಳುವುದು. ಗಮನಿಸಿ, ಬಾಗಿಲು ತೆರೆಯುವುದು ಇದರಲ್ಲಿ ಮೊದಲನೆಯದು ಮಾತ್ರ. ಉಳಿದ ಮೂರೂ ನೀರಿನ ಕೆಲಸ.

ಚರ್ಚೆಗೆ ಪ್ರಶ್ನೆಗಳು

1. ಬೈಲುಕುಪ್ಪೆಯವರಿಗೆ ಸಿಕ್ಕಿದ್ದು ಯಾವುದು? ಸಿಂಧನೂರಿನವರಿಗೆ ಸಿಗದೆ ಹೋದದ್ದು ಯಾವುದು?
2. ಪೋಲೆಂಡಿನ ಎರಡು ಬಾಗಿಲಿನಂತೆ ನಮ್ಮ ಬೀದಿಯಲ್ಲೂ ಎರಡು ಬಾಗಿಲು ಇದೆಯೇ? ಯಾರಿಗೆ ಬಾಡಿಗೆ ಮನೆ ಕೊಡುತ್ತೇವೆ, ಯಾರಿಗೆ ಕೊಡುವುದಿಲ್ಲ?
3. ನಮ್ಮ ಸಂಘದ ನಿಯಮ ಪುಸ್ತಕದಲ್ಲಿ ಸ್ವಂತ ಮನೆ ಇರಬೇಕು, ಇಷ್ಟು ವರ್ಷ ವಾಸ ಇರಬೇಕು ಎಂದು ಬರೆದಿದೆಯೇ? ಅದು ಯಾವಾಗ, ಯಾಕೆ ಬಂತು?
4. ನಾವು ಈ ಊರಿಗೆ ಹೊಸದಾಗಿ ಬಂದಾಗ ಯಾವ ಸಹಾಯ ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತ್ತು?

ಮುಂದಿನ ಸಭೆಗೆ ಮುನ್ನ ಮಾಡಬೇಕಾದ ಕೆಲಸ

ಇಬ್ಬಿಬ್ಬರು ಸೇರಿ ಹತ್ತಿರದ ಶೆಡ್‌ಗಳಿಗೆ ಸಂಜೆ ಆರರ ಮೇಲೆ, ಅವರು ಕೆಲಸದಿಂದ ಬಂದ ಮೇಲೆ ಹೋಗಿ. ಭಾನುವಾರ ಹೋದರೆ ಇನ್ನೂ ಒಳ್ಳೆಯದು. ಮೊದಲು ಅವರ ಊರು, ಮಕ್ಕಳ ಹೆಸರು ಕೇಳಿ. ಆಮೇಲೆ ನಾಲ್ಕು ವಿಷಯ ಬರೆದುಕೊಳ್ಳಿ: ಶಾಲೆಗೆ ಹೋಗದ ಮಕ್ಕಳು ಎಷ್ಟು, ಗರ್ಭಿಣಿ ಬಾಣಂತಿಯರು ಎಷ್ಟು, ರೇಷನ್ ಇಲ್ಲಿ ಸಿಗುತ್ತಿದೆಯೇ, ಕಾರ್ಮಿಕ ಕಾರ್ಡ್ ಹೆಂಗಸಿನ ಹೆಸರಲ್ಲಿ ಇದೆಯೇ. ಯಾರ ಆಧಾರ್ ಕಾರ್ಡನ್ನೂ ಕೇಳಿ ಇಟ್ಟುಕೊಳ್ಳಬೇಡಿ, ಫೋಟೋ ತೆಗೆಯಬೇಡಿ. ಲೆಕ್ಕ ಕೇಳಲು ಬಂದವರು ಎಂದರೆ ಅವರಿಗೆ ಭಯ. ಅಕ್ಕಪಕ್ಕದವರು ಬಂದಿದ್ದಾರೆ ಎಂದು ಅನ್ನಿಸಬೇಕು.

ಬರೆದ ಪಟ್ಟಿಯನ್ನು ಮುಂದಿನ ತಿಂಗಳ ಒಕ್ಕೂಟದ ಸಭೆಗೆ ತನ್ನಿ. ಶಾಲೆ, ರೇಷನ್ ಅಂಗಡಿ, ಕಾರ್ಮಿಕ ಇಲಾಖೆಗೆ ಯಾರು ಯಾವ ದಿನ ಹೋಗುವುದು ಎಂದು ಅಲ್ಲಿ ಹಂಚಿಕೊಳ್ಳೋಣ. ಹೊಸ ಸಂಘ ಮಾಡಲು ಒಪ್ಪಿದವರು ಅದನ್ನೂ ಅಲ್ಲೇ ತಿಳಿಸಿ. ಪುಸ್ತಕ ಬರೆಯುವುದನ್ನು ಕಲಿಸಲು ನಾವು ಬರುತ್ತೇವೆ.